ಕೊಂಢವಾದ ರಬ್ಬರು, ಭೋರಿನ ಬೂದಿ

ಮಾಲಕರು ತಮ್ಮ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಬೂದಿಮಾರಿ ಅನ್ನುತ್ತಿದ್ದರು. ಬೂದಿ ಬಳಿದಂಥ ಮುಖದವಳು ಎಂದು ಅರ್ಥ. "ಏ ಬೂದಿಮಾರಿ, ಚಾ ತಾ." "ಕೀಲಿ ಬೂದಿಮಾರಿ ಕಡೆ ಅದ, ಇಸಕೊ." ಕಾರ್ಖಾನೆಯ ಮರಾಠಿ ಕೆಲಸಗಾರರು ಅದು ಆಕೆಯ ನಿಜವಾದ ಹೆಸರೇ ಇರಬೇಕೆಂದು ತಿಳಿದು ಮೊದಮೊದಲು "ಬೂದಿಮಾರಿ ವಹಿನಿ" ಎಂದೇ ಕರೆದರಂತೆ. ಅರ್ಥ ಗೊತ್ತಾದ ಮೇಲೆ ನಾಚಿ ಬರೀ ವಹಿನಿ, ಅಂದರೆ ಅತ್ತಿಗೆ, ಎಂದರು. ನಾನು ನಮ್ಮ ಕಡೆಯ ರೂಢಿಯಂತೆ ವೈನಿ ಅನ್ನುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಾಗಲಕೋಟೆಯಲ್ಲಿ ಕೆಮಿಸ್ಟ್ರಿ ಓದಿ, ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಪುಣೆಗೆ ಬಂದಿದ್ದೆ. ಗಂಡ ಅಲ್ಲಿಯ ಕ್ಯಾಂಪ್ ಬಡಾವಣೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಪುಣೆಯ ಅಂಚಿನ ಕೊಂಢವಾದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಸರದಿಗೆ ನಿಂತು ಗಂಡನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಾಗ, ಹಿಂದೆ ನಿಂತಿದ್ದ ಹೆಂಗಸು ನನ್ನ ಭುಜ ತಟ್ಟಿ "ಯಾವೂರವಾ ನಿಮ್ಮದು?" ಅಂದರು. ಅವರೇ ವೈನಿ. ತವರು ಇಂಡಿ ಊರಿನ ಹತ್ತಿರದ ಹಳ್ಳಿ. ನಾನು ಓದಿದ್ದು ಕೆಮಿಸ್ಟ್ರಿ ಎಂದಾಗ ಅವರ ಕಣ್ಣು ಚುರುಕಾಯಿತು. "ನಮ್ಮದು ರಬ್ಬರ್ ಕಾರ್ಖಾನಿ ಅದ. ಮಾಲು ತಪಾಸಣಿ ಮಾಡಾಕ ಓದಿದವರು ಬೇಕಾಗ್ಯಾರ. ನಾಳೆ ಬಾ."

ಕಾರ್ಖಾನೆ ಅಂದರೆ ಊರಾಚೆ ತಗಡಿನ ಎರಡು ಶೆಡ್ಡು, ನಡುವೆ ಅಂಗಳ, ಅಂಗಳದ ಆಚೆ ಮಾಲಕರ ಮನೆ. ಒಂದು ಶೆಡ್ಡಿನಲ್ಲಿ ರಬ್ಬರು ಕಲೆಸುವ ಮಿಲ್ಲು. ಒಂದರ ಎದುರು ಒಂದು ತಿರುಗುವ ಎರಡು ದಪ್ಪ ಉರುಳೆಗಳು. ಅವುಗಳ ನಡುವೆ ರಬ್ಬರು ಹಾಕಿ, ಮೇಲಿಂದ ಪುಡಿಗಳನ್ನು ಉದುರಿಸುತ್ತ ಕಲೆಸಬೇಕು. ಇನ್ನೊಂದರಲ್ಲಿ ಅಚ್ಚಿಗೆ ಒತ್ತಿ ಬೇಯಿಸುವ ಪ್ರೆಸ್ಸುಗಳು. ಬಾಗಿಲ ಮುಂದಿನ ಮ್ಯಾಟು, ಸ್ಕೂಟರಿನ ಕಾಲಡಿಯ ಮ್ಯಾಟು, ರಿಕ್ಷಾಕ್ಕೆ ಹಾಸುವ ಮ್ಯಾಟು, ಇಂಥವೇ ಮಾಲು. ಬರೀ ರಬ್ಬರಿನಿಂದ ಯಾರೂ ಮ್ಯಾಟು ಮಾಡುವುದಿಲ್ಲ. ಕಪ್ಪು ಬರಲು ಮಸಿಯಂಥ ಕಾರ್ಬನ್ ಪುಡಿ, ತೂಕ ಮತ್ತು ಗಟ್ಟಿತನಕ್ಕೆ ಚೈನಾ ಕ್ಲೇ ಎಂಬ ಬಿಳಿ ಮಣ್ಣು, ಸ್ವಲ್ಪ ಎಣ್ಣೆ, ಗಂಧಕ ಎಲ್ಲ ಸೇರಬೇಕು. ಒಂದು ಸಲಕ್ಕೆ ಕಲೆಸಿದ ರಬ್ಬರಿಗೆ ಅಲ್ಲಿ ಗಾಣು ಅನ್ನುತ್ತಿದ್ದರು. ಪ್ರತಿ ಗಾಣಿನ ತುಂಡೊಂದನ್ನು ಬಗ್ಗಿಸಿ, ಎಳೆದು, ಒಲೆಯಲ್ಲಿ ಕಾಯಿಸಿ ನೋಡುವುದು ನನ್ನ ಕೆಲಸ.

ಮಾಲಕರಿಗೆ ನನ್ನ ಪರೀಕ್ಷೆಗಳ ಮೇಲೆ ನಂಬಿಕೆ ಇರಲಿಲ್ಲ. ಅವರು ಮ್ಯಾಟಿನ ಅಂಚನ್ನು ಹೆಬ್ಬೆರಳ ಉಗುರಿನಿಂದ ಒತ್ತುವರು, ಮೂಗಿನ ಹತ್ತಿರ ಹಿಡಿದು ಮೂಸುವರು. "ಕಣ್ಣಿಗೆ ಅರಿವಿ ಕಟ್ರಿ ಬೇಕಾದ್ರ, ಇದರಾಗ ಏನೇನದ ಅಂತ ಹೇಳ್ತೀನಿ" ಎಂದು ಬಂದ ಗಿರಾಕಿಗಳ ಮುಂದೆಲ್ಲ ಹೇಳುವರು. ಎತ್ತರದ ಆಳು, ಕೆಂಪಗಿನ ಮೈ, ಇಸ್ತ್ರಿಯ ಬಿಳಿ ಅಂಗಿ. ವೈನಿಯದು ಕಪ್ಪೂ ಅಲ್ಲದ ಕೆಂಪೂ ಅಲ್ಲದ ಬಣ್ಣ. ಗಲ್ಲದ ಮೇಲೆ ಮಂಕಾದ ಕಲೆಗಳು. ಗಿರಾಕಿಗಳಿಗೆ ಚಹಾ ತಂದಿಟ್ಟು ಅವರು ತಿರುಗಿದ ಕೂಡಲೇ ಮಾಲಕರು ಶುರು ಮಾಡುತ್ತಿದ್ದರು. "ಆಕಿ ಅಪ್ಪ ಈ ಮಿಲ್ಲು ಕೊಡಿಸಿದ್ರಿ. ಮಿಲ್ ತಗೊಂಡ್ರ ಆಕೀನ ಪುಕ್ಕಟೆ ಕೊಡ್ತೀನಿ ಅಂದ. ನಾ ಮಿಲ್ ನೋಡಿ ಹೂಂ ಅಂದೆ." ಗಿರಾಕಿಗಳು ನಗುತ್ತಿದ್ದರು. ವೈನಿ ಬಾಗಿಲು ದಾಟಿರುತ್ತಿರಲಿಲ್ಲ. ಅವರು ಬಾಗಿಲು ದಾಟುವುದರೊಳಗೇ ಆ ಮಾತು ಮುಗಿಸಬೇಕು ಎಂಬ ಲೆಕ್ಕ ಮಾಲಕರದು.

ಒಮ್ಮೆ ಗಂಡನ ಕಡೆಯವರ ಮದುವೆಗೆ ಭೋರ್‌ಗೆ ಹೋಗಿದ್ದೆವು. ಬರುವಾಗ ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿತು. ಎದುರಿಗೆ ಒಂದು ಕಾಗದದ ಕಾರ್ಖಾನೆ, ಅದರ ಹಿಂದೆ ಮನೆಯೆತ್ತರದ ಬೂದಿಯ ಗುಡ್ಡೆ. ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿ ತಂದು ಸುರಿದದ್ದು. ಅಂಚಿನಲ್ಲಿದ್ದ ಬೂದಿಯನ್ನು ಬೆರಳಲ್ಲಿ ತಿಕ್ಕಿದೆ. ಗೋಧಿ ಹಿಟ್ಟಿಗಿಂತ ನಯವಾಗಿತ್ತು. ಬೂದಿಯಲ್ಲಿರುವುದು ಬಹುಮಟ್ಟಿಗೆ ಸಿಲಿಕಾ, ಅಲ್ಯೂಮಿನಾ. ಚೈನಾ ಕ್ಲೇಯಲ್ಲಿರುವುದೂ ಅವೇ. ಮದುವೆ ಮನೆಯಲ್ಲಿ ಕೊಟ್ಟ ಲಾಡುಗಳನ್ನು ಗಂಡನ ಕರವಸ್ತ್ರಕ್ಕೆ ಸುರಿದು, ಆ ಪ್ಲಾಸ್ಟಿಕ್ ಚೀಲದ ತುಂಬ ಬೂದಿ ತುಂಬಿಕೊಂಡೆ. ಗಂಡ ಊರು ಬರುವತನಕ ನನ್ನ ಜೊತೆ ಮಾತಾಡಲಿಲ್ಲ.

ಅದನ್ನು ಒಣಗಿಸಿ, ಹಳೆಯ ವಾಯಿಲ್ ಸೀರೆಯಲ್ಲಿ ಸೋಸಿ, ಮಿಲ್ಲು ಬಿಡುವಾಗಿದ್ದ ಹೊತ್ತಿನಲ್ಲಿ ಚೈನಾ ಕ್ಲೇ ಬದಲು ಹಾಕಿ ಒಂದು ಚೌಕದ ಮ್ಯಾಟು ಒತ್ತಿಸಿದೆ. ಮಾಲಕರ ಮೇಜಿನ ಮೇಲಿಟ್ಟು ಹೇಳಿದೆ. ಅವರು ಮೂಸಲಿಲ್ಲ, ಉಗುರು ಒತ್ತಲಿಲ್ಲ. ಎದ್ದು ಅಂಗಳಕ್ಕೆ ಬಂದು ಎಲ್ಲರನ್ನೂ ಕರೆದರು. ಪ್ರೆಸ್ಸು ನಿಲ್ಲಿಸಿ ಬರಬೇಕಾಯಿತು ಎಲ್ಲರೂ.

"ನೋಡ್ರಿ, ಬಿ.ಎಸ್ಸಿ. ಬಾಯಿ ಬೂದಿ ತಂದಾಳ. ಮನ್ಯಾಗ ಒಂದು ಇತ್ತು, ಈಗ ಫ್ಯಾಕ್ಟ್ರಿಗೂ ಬಂತು." ಮರಾಠಿಯಲ್ಲಿ ಮತ್ತೆ ಅದನ್ನೇ ಹೇಳಿದರು, ಯಾರೂ ತಪ್ಪಿಸಿಕೊಳ್ಳಬಾರದೆಂದು. ಆಮೇಲೆ ಮ್ಯಾಟನ್ನು ಸಂಡಾಸದ ಬಾಗಿಲಿಗೆ ಎಸೆದರು. "ಅಲ್ಲೇ ಇರಲಿ ಅದು. ಹೋಗೂಮುಂದ ಬರೂಮುಂದ ಎಲ್ಲಾರೂ ಕಾಲು ಒರಸ್ರಿ. ನೀನೂ ಒರಸವಾ."

ನಾನೂ ಒರೆಸಿದೆ. ಬೇರೆ ದಾರಿ ಇರಲಿಲ್ಲ, ಸಂಡಾಸ ಒಂದೇ ಇತ್ತು.

ಮಳೆಗಾಲ ಬಂತು. ಕಾಲುಗಳಿಂದ ಕೆಸರು, ಒಳಗಿಂದ ಫಿನಾಯಿಲು, ಎರಡೂ ಆ ಮ್ಯಾಟಿನ ಮೇಲೆ ಬಿದ್ದವು. ದಸರೆಯ ಹೊತ್ತಿಗೆ ಒಂದು ದಿನ ವೈನಿ ನನ್ನನ್ನು ಪಕ್ಕಕ್ಕೆ ಕರೆದು, ಮ್ಯಾಟನ್ನು ಕಾಲಿನಿಂದ ತಿರುವಿ ಹಾಕಿ ಕೇಳಿದರು, "ಇಷ್ಟು ದಿನ ಆತು, ಹರದಿಲ್ಲ, ನೋಡೀಯೇನ?"

"ಹೌದ್ರಿ."

"ಬೂದಿ ಎಲ್ಲಿದು?"

ಹೇಳಿದೆ. ಅವರು ಮ್ಯಾಟನ್ನು ಕಾಲಿನಿಂದಲೇ ಮತ್ತೆ ಮೊದಲಿನಂತೆ ತಿರುವಿ ಇಟ್ಟರು.

ಮಾಲಕರಿಗೆ ಲಕ್ವಾ ಹೊಡೆದದ್ದು ಮುಂದಿನ ಬೇಸಿಗೆಯಲ್ಲಿ. ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಕೀಲಿ ಕೇಳಲು ನಾನು ಅವರ ಮನೆಗೆ ಹೋಗಿದ್ದೆ. ಸಾರಿಗೆ ಉಪ್ಪು ಸಾಲದೆಂದು ಬೈಯುತ್ತಿದ್ದವರು ನಡುವೆ ನಿಲ್ಲಿಸಿದರು. ಬಾಯಿ ಒಂದು ಕಡೆ ಜಾರಿತು. ಹಾಗೇ ತಟ್ಟೆಯ ಮೇಲೆ ವಾಲಿದರು; ಅನ್ನ ಗಲ್ಲಕ್ಕೆ ಮೆತ್ತಿತು. ನಾನು ಚೀರಿದೆ. ವೈನಿ ಅವಸರ ಮಾಡಲಿಲ್ಲ. ಎದ್ದರು, ಬಚ್ಚಲಿಗೆ ಹೋಗಿ ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು, ಆಮೇಲೆ ನನಗೆ "ರಿಕ್ಷಾ ಕರಸು" ಅಂದರು.

ಆಸ್ಪತ್ರೆಯಿಂದ ಬಂದಾಗ ಅವರ ಬಲಗೈ ಬಲಗಾಲು ಹೋಗಿದ್ದವು. ಮಾತು ಒಂದೊಂದೇ ಶಬ್ದ, ಅದೂ ತೊದಲು. ಮಕ್ಕಳಿರಲಿಲ್ಲ. ಕಾರ್ಖಾನೆ ವೈನಿಯ ಕೈಗೆ ಬಂತು. ಮೊದಲ ವಾರವೇ ನನ್ನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಭೋರ್ ಕಡೆಗೆ ಹೊರಟರು. ಕಾಗದದ ಕಾರ್ಖಾನೆಯ ಮ್ಯಾನೇಜರಿಗೆ ಬೂದಿ ಒಯ್ಯುವವರು ಸಿಕ್ಕಿದ್ದೇ ದೊಡ್ಡದು. ಪುಕ್ಕಟೆ ಕೊಟ್ಟ. ವೈನಿ ಅಷ್ಟಕ್ಕೆ ಬಿಡಲಿಲ್ಲ. ತುಂಬಿಸುವ ಆಳುಗಳೂ ಅವನವೇ ಇರಬೇಕೆಂದು ಜಗಳ ಮಾಡಿ ಒಪ್ಪಿಸಿದರು.

ಮೊದಲ ಗಾಣುಗಳು ಕೆಟ್ಟವು. ಬೂದಿ ಗಾಳಿಯ ತೇವ ಹೀರಿಕೊಂಡಿತ್ತು. ಪ್ರೆಸ್ಸಿನ ಶಾಖಕ್ಕೆ ಮ್ಯಾಟಿನ ಮೈಯೆಲ್ಲ ಹಪ್ಪಳದ ಹಾಗೆ ಗುಳ್ಳೆ ಎದ್ದಿತು. ಹುರಿದು ಹಾಕಿದೆ. ಗುಳ್ಳೆ ಹೋಯಿತು, ಆದರೆ ಬಗ್ಗಿಸಿದರೆ ಸೀಳು ಬಿಡುತ್ತಿತ್ತು. ಬಾಯ್ಲರಿನ ಕೆಳಗೆ ಬೀಳುವ ದಪ್ಪ ಬೂದಿ ಬೇಡ, ಚಿಮಣಿಯ ಕಡೆ ಹಿಡಿಯುವ ಸಣ್ಣ ಬೂದಿಯೇ ಬೇಕು ಎಂಬುದು ಆಮೇಲೆ ತಿಳಿಯಿತು. ಅದನ್ನೂ ಜರಡಿ ಹಿಡಿದು, ಬಿಸಿ ಇರುವಾಗಲೇ ಮೇಣದಂಥ ಸ್ಟಿಯರಿಕ್ ಆಸಿಡ್ಡನ್ನು ಸ್ವಲ್ಪ ಸವರಿದರೆ ರಬ್ಬರು ಅದನ್ನು ಮುನಿಸಿಲ್ಲದೆ ಒಳಗೆ ತೆಗೆದುಕೊಳ್ಳುತ್ತಿತ್ತು. ಎಷ್ಟು ಬೇಕಾದರೂ ಹಾಕಬಹುದು ಎಂದಲ್ಲ. ಒಂದು ಹದ ಮೀರಿದರೆ ಮ್ಯಾಟು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಹದದಲ್ಲಿಟ್ಟು, ದನದ ಕೊಟ್ಟಿಗೆಗೆ ಹಾಸುವ ದಪ್ಪ ಮ್ಯಾಟು ಮಾಡಿದೆವು. ಅದು ಎಳೆತ ತಡೆಯಬೇಕಿಲ್ಲ, ಎಮ್ಮೆಯ ಭಾರ ತಡೆದರೆ ಸಾಕು. ಪುಣೆಯ ಸುತ್ತಿನ ಡೇರಿಗಳವರು ತೆಗೆದುಕೊಂಡರು, ಮತ್ತೆ ಕೇಳಿಕೊಂಡು ಬಂದರು.

ನನಗೆ ಸಂತೋಷವಾಗಿತ್ತು. ಅದನ್ನು ಈಗ ಹೇಳಲು ನಾಚಿಕೆಯೇನೂ ಇಲ್ಲ. ಯಾರೂ ಬೇಡವೆಂದು ಸುರಿದ ವಸ್ತುವಿನಿಂದ ನಾಲ್ಕು ಕಾಲಿನ ಪ್ರಾಣಿ ನಿಲ್ಲುವಂಥದ್ದನ್ನು ಮಾಡಿದ್ದೆ.

ಬೂದಿ ಸೋಸಲು ಆರು ಹೆಂಗಸರು ಬಂದರು. ಹತ್ತಿರದಲ್ಲಿ ಕಟ್ಟುತ್ತಿದ್ದ ಕಟ್ಟಡಗಳ ತಗಡಿನ ಗುಡಿಸಲುಗಳವರು. ಗಾಳಿಗೆ ಬೂದಿ ಹಾರುತ್ತದೆಂದು ಆ ಕೋಣೆಗೆ ಕಿಟಕಿ ಇರಲಿಲ್ಲ, ಫ್ಯಾನೂ ಇರಲಿಲ್ಲ. ಸಂಜೆ ಹೊರಗೆ ಬಂದರೆ ಯಾರು ಯಾರೆಂದು ಗುರುತು ಹತ್ತುತ್ತಿರಲಿಲ್ಲ. ದಪ್ಪ ಉಳಿದ ಬೂದಿಯನ್ನು ನಾನು ಮತ್ತೆ ಸೋಸಲು ತಿರುಗಿ ಕಳಿಸುತ್ತಿದ್ದೆ. ಅದಕ್ಕೆ ಅವರಿಗೆ ನನ್ನ ಮೇಲೆ ಸಿಟ್ಟು. ಕೆಮ್ಮು ಹತ್ತಿತು ಅವರಿಗೆ, ಜೊತೆಗೆ ನನಗೂ. ಮೂಗಿಗೆ ಕಟ್ಟುವ ಬಟ್ಟೆ ತರಿಸೋಣವೇ ಎಂದು ವೈನಿಯನ್ನು ಕೇಳಿದೆ.

"ಸೆರಗು ಇಲ್ಲೇನು ಅವರಿಗೆ?"

"ಸೆರಗಿನಾಗಿಂದ ಬೂದಿ ಹೋಗ್ತದರಿ ವೈನಿ. ಸೀರಿಯಾಗ ಸೋಸೇ ನಾ ಮೊದಲ ಮಾಡಿದ್ದು."

"ಹಂಗಾರ ಸೀರಿ ಎರಡು ಮಡಿಕಿ ಮಾಡಿಕೊಳ್ಳಲಿ." ಅವತ್ತು ಒಬ್ಬಳು ಕೆಮ್ಮಿ ಕೆಮ್ಮಿ ವಾಂತಿ ಮಾಡಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಅರ್ಧ ದಿನದ ಪಗಾರ ಹಿಡಿದರು. ಅಷ್ಟೇ ಅಲ್ಲ, ವಾಂತಿ ಬಿದ್ದ ಬೂದಿಯನ್ನು ಅವಳಿಂದಲೇ ತೆಗೆಸಿದರು.

ಮಾಲಕರನ್ನು ದಿನಾ ಬೆಳಿಗ್ಗೆ ಬೆತ್ತದ ಕುರ್ಚಿಯಲ್ಲಿ ಹೊತ್ತು ತಂದು ಕೂರಿಸುತ್ತಿದ್ದರು. ಮೊದಲು ಆಫೀಸಿನ ಬಾಗಿಲಲ್ಲಿ. ಬೂದಿಯ ಕೆಲಸ ಶುರುವಾದ ಮೇಲೆ ವೈನಿ ಕುರ್ಚಿಯ ಜಾಗ ಬದಲಿಸಿದರು. ಸೋಸುವ ಕೋಣೆಯ ಬಾಗಿಲಿಗೆ ನೇರವಾಗಿ. ಬಾಗಿಲು ತೆರೆದಾಗಲೆಲ್ಲ ಬೂದಿಯ ಮೋಡ ಹೊರಗೆ ಬಂದು ಅವರ ಮೇಲೆ ಕೂರುತ್ತಿತ್ತು. ಹುಬ್ಬಿನ ಮೇಲೆ, ಮೀಸೆಯ ಮೇಲೆ, ಇಸ್ತ್ರಿ ಇಲ್ಲದ ಅಂಗಿಯ ಮೇಲೆ. ಎಡಗೈಯಿಂದ ಒರೆಸಿಕೊಳ್ಳಲು ನೋಡುವರು, ಇನ್ನಷ್ಟು ಮೆತ್ತುತ್ತಿತ್ತು. ಊಟದ ಹೊತ್ತಿಗೆ ವೈನಿ ಒಂದು ಕೈಗನ್ನಡಿ ತಂದು ಅವರ ಮುಖದ ಮುಂದೆ ಹಿಡಿಯುತ್ತಿದ್ದರು.

"ನೋಡ್ರಿ. ಈಗ ಬೂದಿಮಾರಿ ಯಾರು, ಹೇಳ್ರಿ?"

ಒಂದು ದಿನವೂ ಅವರು ಗಂಡನಿಗೆ ಏಕವಚನ ಹಚ್ಚಲಿಲ್ಲ. ರೀ ಬಿಡಲಿಲ್ಲ. ಹೇಳುವತನಕ ಕನ್ನಡಿ ತೆಗೆಯುತ್ತಿರಲಿಲ್ಲ. ಮಾಲಕರು ಕಣ್ಣು ಮುಚ್ಚಿಕೊಂಡರೆ ಕಾಯುತ್ತ ನಿಲ್ಲುವರು, ಚಪಾತಿ ಆರುತ್ತಿದ್ದರೂ. ಕೊನೆಗೆ ಹಸಿವಾಗಿ ಅವರು "ನಾ" ಅನ್ನುತ್ತಿದ್ದರು. "ಹಾಂ" ಎಂದು ವೈನಿ ಕನ್ನಡಿ ಕೆಳಗಿಟ್ಟು ತುತ್ತು ಕೊಡುತ್ತಿದ್ದರು. ಕೆಲಸಗಾರರು ಮೊದಲು ಬೇರೆ ಕಡೆ ನೋಡುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ನೋಡಲು ಶುರು ಮಾಡಿದರು. ಅವರೂ ಆ ಮನುಷ್ಯನಿಂದ ಬಹಳ ಬೈಗುಳ ತಿಂದವರೇ.

ಹೀಗೇ ಇರುವಾಗ ಸಾಂಗಲಿ ಕಡೆಯ ಒಬ್ಬ ದೊಡ್ಡ ವ್ಯಾಪಾರಿ ಮಾಲು ನೋಡಲು ಬಂದ. ಹಳೆಯ ಪರಿಚಯ, ಮಾಲಕರ ಉಗುರು ಪರೀಕ್ಷೆಯನ್ನು ಎಷ್ಟೋ ಸಲ ನೋಡಿದವನು. ವೈನಿ ಹಿಂದಿನ ದಿನವೇ ನನಗೆ ಹೇಳಿದ್ದರು, ಒಂದೇ ಅಚ್ಚಿನಲ್ಲಿ ಎರಡು ಮ್ಯಾಟು ಒತ್ತಿಸು, ಒಂದರಲ್ಲಿ ಹಳೆಯ ಬಿಳಿ ಮಣ್ಣು, ಇನ್ನೊಂದರಲ್ಲಿ ಬೂದಿ, ಬೂದಿಯದರ ಹಿಂದೆ ಸುಣ್ಣದ ಗುರುತು ಹಾಕು. ವ್ಯಾಪಾರಿಗೆ ತೋರಿಸಲು ಎಂದು ನಾನು ತಿಳಿದುಕೊಂಡೆ.

ವ್ಯಾಪಾರಿ ಚಹಾ ಕುಡಿದಾದ ಮೇಲೆ ವೈನಿ ಎರಡನ್ನೂ ಒಳಗಿಂದ ತಂದು ಮಾಲಕರ ತೊಡೆಯ ಮೇಲಿಟ್ಟರು. ಅಂಗಳದಲ್ಲಿ ಎಲ್ಲರೂ ಇದ್ದರು, ಊಟದ ಬಿಡುವು.

"ನಮ್ಮವರ ಕೈ ಹೋಗ್ಯದ, ಶಾಣ್ಯಾತನ ಹೋಗಿಲ್ರಿ" ಎಂದರು ವ್ಯಾಪಾರಿಗೆ. "ಹೇಳ್ರಿ, ಇದರಾಗ ನಿಮ್ಮ ಅಸಲಿ ಮಾಲು ಯಾವದು? ಬೂದಿ ಇಲ್ಲದ್ದು?"

ಮಾಲಕರ ಮುಖದಲ್ಲಿ ಬಹಳ ದಿನದ ಮೇಲೆ ಜೀವ ಬಂತು. ಎಡಗೈಯ ಹೆಬ್ಬೆರಳನ್ನು ಅಂಚಿಗೆ ಒತ್ತಿದರು. ಎತ್ತಿ ಮೂಸಲು ಆಗಲಿಲ್ಲ. ವ್ಯಾಪಾರಿಯೇ ಎತ್ತಿ ಹಿಡಿದ. ಒಂದನ್ನು ಮೂಸಿದರು, ಇನ್ನೊಂದನ್ನು ಮೂಸಿದರು. ಮತ್ತೆ ಮೊದಲನೆಯದು. ಬೆವರು ಕಿವಿಯ ಹಿಂದಿನಿಂದ ಬೂದಿಯಲ್ಲಿ ಗೆರೆ ಕೊರೆದು ಇಳಿಯಿತು. ಕೊನೆಗೆ ಒಂದರ ಮೇಲೆ ಅಂಗೈ ಇಟ್ಟರು. "ಇದು."

"ಖರೇ?"

"ಇದು. ಅಸಲಿ."

ವೈನಿ ಅದನ್ನು ಮಗುಚಿ ಸುಣ್ಣದ ಗುರುತು ತೋರಿಸಿದರು. "ಇದು ಬೂದಿದ್ರಿ."

ಮೊದಲು ನಕ್ಕವನು ವ್ಯಾಪಾರಿ. ಆಮೇಲೆ ಪ್ರೆಸ್ಸಿನವರು, ಮಿಲ್ಲಿನವನು, ಸೋಸುವ ಹೆಂಗಸರು. ಹೆಂಗಸರು ನಕ್ಕು ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು. ಮಾಲಕರು ಏನೋ ಹೇಳಲು ಬಾಯಿ ತೆರೆದರು, ಬಂದದ್ದು ಜೊಲ್ಲು. ಧೋತರ ಒದ್ದೆಯಾಯಿತು. ಅದೂ ಎಲ್ಲರಿಗೂ ಕಂಡಿತು. ವ್ಯಾಪಾರಿ ಮಾತ್ರ ಆಗ ನಗು ನಿಲ್ಲಿಸಿ ಬೇರೆ ಕಡೆ ತಿರುಗಿದ. ದೊಡ್ಡ ಆರ್ಡರು ಕೊಟ್ಟು ಹೋದ.

ನಾನು ಆಫೀಸಿನೊಳಗೆ ಹೋಗಿ ಅತ್ತೆ. ವೈನಿ ಹಿಂದೆ ಬಂದು ನಿಂತರು.

"ನೀ ಯಾಕ ಅಳ್ತಿ?"

ಸೆರಗಿನಿಂದ ಮೂಗು ಒರೆಸಿಕೊಂಡೆ.

"ನನ್ನ ಸಲುವಾಗಿ ಇಷ್ಟು ವರ್ಷ ಯಾರೂ ಅತ್ತಿಲ್ಲ. ನೀನೂ ಅತ್ತಿಲ್ಲ. ಚಾ ಕುಡದವರೆಲ್ಲ ನಗತಿದ್ರು, ನೀನೂ ಅಲ್ಲೇ ಇರ್ತಿದ್ದಿ. ಮಾರಿ ತೊಳಕೊಂಡು ಕೆಲಸಕ್ಕ ಹತ್ತು."

ಅದು ನಿಜ.

ಸಂಜೆ ಆ ಎರಡು ಮ್ಯಾಟುಗಳನ್ನು ಎತ್ತಿಡಲು ಹೋದೆ. ಗಾಣಿನ ತುಂಡು ಕತ್ತರಿಸಿ ನೋಡುವುದು ಕೈಗೆ ಹತ್ತಿದ ಅಭ್ಯಾಸ. ಎರಡರ ಮೂಲೆಯನ್ನೂ ಬ್ಲೇಡಿನಿಂದ ಕೊಯ್ದೆ. ಬಿಳಿ ಮಣ್ಣು ಹಾಕಿದ್ದರ ಒಳಮೈ ಒಂದೇ ಸಮ ಕಪ್ಪಗಿರುತ್ತದೆ. ಬೂದಿಯದರಲ್ಲಿ ಬೆಳಕಿಗೆ ಹಿಡಿದರೆ ಸಣ್ಣ ಬೂದು ಚುಕ್ಕೆಗಳು ಮಿಂಚುತ್ತವೆ. ಎರಡರಲ್ಲೂ ಚುಕ್ಕೆಗಳಿದ್ದವು. ನಾನು ಒತ್ತಿಸಿದ ಬಿಳಿ ಮಣ್ಣಿನದನ್ನು ವೈನಿ ತೆಗೆದಿಟ್ಟು, ಅದೇ ಅಚ್ಚಿನ ಇನ್ನೊಂದು ಬೂದಿ ಮ್ಯಾಟನ್ನು ತಾವೇ ಸುಣ್ಣದ ಗುರುತು ಹಾಕಿ ಸೇರಿಸಿದ್ದರು. ಯಾವುದರ ಮೇಲೆ ಕೈಯಿಟ್ಟರೂ ಅವರು ಸೋಲುತ್ತಿದ್ದರು.

ಮಾಲಕರು ಅಂದಿನಿಂದ ಊಟ ಬಿಟ್ಟರು. ಕನ್ನಡಿ ಹಿಡಿದರೂ "ನಾ" ಅನ್ನಲಿಲ್ಲ, ತುತ್ತಿಗೆ ಬಾಯಿ ತೆರೆಯಲಿಲ್ಲ. ಚಹಾ ಮಾತ್ರ ಇಳಿಯುತ್ತಿತ್ತು. ಮೂರನೆಯ ದಿನಕ್ಕೆ ಕತ್ತು ನಿಲ್ಲಿಸುವ ಶಕ್ತಿಯೂ ಹೋದಂತೆ ಕಂಡಿತು. ಅವರು ನನಗೆ ಮಾಡಿದ್ದನ್ನು ನಾನು ಮರೆತಿರಲಿಲ್ಲ. ಆದರೂ ನೋಡಲು ಆಗಲಿಲ್ಲ. ವೈನಿ ಬ್ಯಾಂಕಿಗೆ ಹೋಗಿದ್ದಾಗ ಕುರ್ಚಿಯ ಹತ್ತಿರ ಕುಳಿತು ಮೆಲ್ಲಗೆ ಹೇಳಿದೆ.

"ಸಾಹೇಬ್ರ, ನೀವು ತಪ್ಪಿಲ್ರಿ. ಎರಡರಾಗೂ ಬೂದಿ ಇತ್ತು. ಅಸಲಿ ಮಾಲು ನಿಮ್ಮ ಮುಂದ ಇಟ್ಟೇ ಇರಲಿಲ್ಲ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು, ನನಗೂ. ಅವತ್ತು ನನ್ನ ಡಬ್ಬಿಯ ಮೊಸರನ್ನ ತಿನ್ನಿಸಿದೆ, ತಿಂದರು. ಯಾರಿಗಾದರೂ ಒಳ್ಳೆಯದು ಮಾಡಿದಾಗ ಮೈ ಹಗುರಾಗುತ್ತದಲ್ಲ, ಹಾಗೆ ಮನೆಗೆ ಹೋದೆ.

ಮರುದಿನ ಊಟದ ಬಿಡುವಿನಲ್ಲಿ ವೈನಿ ಕನ್ನಡಿ ಹಿಡಿದರು. ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದರು. "ಹೇಳ್ರಿ, ಯಾರು?"

ಮಾಲಕರು ಕಣ್ಣು ಮುಚ್ಚಲಿಲ್ಲ. ಕನ್ನಡಿಯನ್ನು ಎಡಗೈಯಿಂದ ಸರಿಸಿದರು. "ಎರಡೂ" ಅಂದರು. "ಎರಡೂ ಬೂದಿ. ನೀ... ಮೋಸ."

ಅಂಗಳದಲ್ಲಿ ಯಾರೂ ತುತ್ತು ಎತ್ತಲಿಲ್ಲ. ವೈನಿ ಕನ್ನಡಿ ಇಳಿಸಿ ಕೇಳಿದರು, "ಯಾರು ಹೇಳಿದ್ರು ನಿಮಗ?"

ಮಾಲಕರು ನನ್ನ ಕಡೆ ನೋಡಿದರು. ಬುದ್ಧಿ ಮಂಕಾದವರು, ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದು ಆಮೇಲೆ ನನ್ನ ಗಂಡ ಸಮಾಧಾನ ಹೇಳಿದ. ಗೊತ್ತಿತ್ತು. ಹೇಳಬೇಕೋ ಬೇಡವೋ ಎಂದು ಅವರು ತೂಗಿ ನೋಡಿದ್ದು ನನಗೆ ಎದುರಿನಿಂದ ಕಂಡಿತು. ಆಮೇಲೆ ಕೈಯೆತ್ತಿ ಬೆರಳು ನನ್ನ ಕಡೆ ಮಾಡಿದರು.

"ಈಕೀನ?"

"ಈಕಿ. ಅತ್ಲು. ಮೊಸರನ್ನ." ಎಂದು ನಕ್ಕರು. ಅರ್ಧ ಮುಖ ನಕ್ಕಿತು, ಇನ್ನರ್ಧ ಸುಮ್ಮನಿತ್ತು.

ವೈನಿಯೂ ನಕ್ಕರು. ಅವರು ಮನಸಾರೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅಂದ್ರ ಇನ್ನೂ ಶಾಣ್ಯಾ ಅದೀರಿ ನೀವು. ಭಾಳ ಶಾಣ್ಯಾ." ಕನ್ನಡಿಯನ್ನು ನೆಲಕ್ಕಿಟ್ಟು, ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ, ಗಂಡನ ಮುಖದ ಬೂದಿಯನ್ನು ತಾವೇ ಒರೆಸಿದರು. ಚಪಾತಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿದರು. ಪೂರ್ತಿ ಊಟ ಮುಗಿಸಿ, ಬಾಯಿ ಒರೆಸಿದ ಮೇಲೆ ನನ್ನ ಕಡೆ ತಿರುಗಿದರು.

"ಗಂಡ ಹೆಂಡ್ತಿ ನಡುವ ಬರಾಕ ನೀ ಯಾರು?"

"ವೈನಿ, ಅವರು ಊಟ ಬಿಟ್ಟಿದ್ರು. ಸಾಯ್ತಿದ್ರು."

"ಸಾಯ್ತಿದ್ರ ನನ್ನ ಗಂಡ ಸಾಯ್ತಿದ್ರು. ನಿನ್ನ ಗಂಡ ಅಲ್ಲಲ್ಲ? ಡಬ್ಬಿ ತಗೊಂಡು ನಡಿ."

ಅಷ್ಟಕ್ಕೆ ಮುಗಿಯಲಿಲ್ಲ. ಗೇಟಿನ ಹತ್ತಿರ ಹೋದಾಗ ಕಾವಲಿನವನಿಗೆ ಕೂಗಿ ಹೇಳಿದರು, ಅವಳ ಕೈಚೀಲ ಬಿಚ್ಚಿಸಿ ನೋಡು, ಡಬ್ಬಿಯನ್ನೂ ನೋಡು ಎಂದು. ಏನು ಹುಡುಕಬೇಕೆಂದು ಅವನಿಗೂ ಗೊತ್ತಿರಲಿಲ್ಲ. ನನ್ನ ಬಾಚಣಿಗೆ, ಬಸ್ಸಿನ ಪಾಸು, ಬದಲಿ ಬಟ್ಟೆ ಎಲ್ಲ ತೆಗೆದು ಮಣ್ಣಿನ ಮೇಲಿಟ್ಟ. ಡಬ್ಬಿ ತೆಗೆದು ಅನ್ನದೊಳಗೆ ಬೆರಳಾಡಿಸಿದ. ಸೋಸುವ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಅವರಲ್ಲಿ ಒಬ್ಬಳು, ಅವತ್ತು ವಾಂತಿ ಮಾಡಿಕೊಂಡವಳೇ, ನನಗೆ ಕೇಳುವ ಹಾಗೆ ಮರಾಠಿಯಲ್ಲಿ "ಬರಂ ಝಾಲಂ" ಅಂದಳು. ಒಳ್ಳೆಯದಾಯಿತು ಎಂದು. ಅವಳ ಸಲುವಾಗಿ ನಾನು ಬಟ್ಟೆ ಕೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ದಪ್ಪ ಬೂದಿಯನ್ನು ತಿರುಗಿ ಕಳಿಸಿದ್ದು ಗೊತ್ತಿತ್ತು.

ಆ ತಿಂಗಳ ಪಗಾರ ಕೇಳಲು ನಾನು ಹೋಗಲಿಲ್ಲ. ಹಡಪಸರದ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಗಾಜಿನ ನಳಿಗೆ ತೊಳೆಯುವುದು, ಮಕ್ಕಳು ಆಸಿಡ್ಡು ಚೆಲ್ಲದ ಹಾಗೆ ನೋಡಿಕೊಳ್ಳುವುದು. ರಬ್ಬರಿಗೆ ಬೂದಿ ಹಾಕುವ ಬೇರೆ ಕಾರ್ಖಾನೆಗಳೂ ಹುಟ್ಟಿಕೊಂಡವು ಎಂದು ಕೇಳಿದೆ. ಒಂದೆರಡು ಕಡೆ ಕೆಲಸ ಕೇಳಿ ನೋಡಿದೆ. ವೈನಿ ನನ್ನ ಬಗ್ಗೆ ಎಲ್ಲರಿಗೂ ಹೇಳಿ ಇಟ್ಟಿದ್ದರು, ಗಂಡಸು ಲಕ್ವಾ ಹೊಡೆದು ಬಿದ್ದಾಗ ಕೈ ಹಿಡಿದುಕೊಂಡು ಕೂತಿದ್ದಳು ಎಂದು. ಒಬ್ಬ ಮಾಲಕ ಅದನ್ನು ನನ್ನ ಮುಖಕ್ಕೇ ಹೇಳಿ, ಹಲ್ಲು ಕಿರಿದು, ಬೇಕಾದರೆ ಬಾ ಅಂದ. ಆಮೇಲೆ ಕೇಳುವುದು ಬಿಟ್ಟೆ.

ಕೆಮ್ಮು ಮಾತ್ರ ಬಿಡಲಿಲ್ಲ. ವರ್ಷಗಳು ಕಳೆದಂತೆ ಅದು ದಮ್ಮಾಯಿತು. ಮೆಟ್ಟಿಲು ಹತ್ತಿದರೆ ನಡುವೆ ನಿಲ್ಲಬೇಕು. ಮಗರಪಟ್ಟಾದಲ್ಲಿ ಎತ್ತರದ ಕಟ್ಟಡಗಳೆಲ್ಲ ಎದ್ದ ಮೇಲೆ ಅಲ್ಲಿ ಎದೆರೋಗದ ಒಬ್ಬ ಡಾಕ್ಟರು ಒಳ್ಳೆಯವರಿದ್ದಾರೆ ಎಂದು ಶಾಲೆಯಲ್ಲಿ ಯಾರೋ ಹೇಳಿದರು. ರಜೆ ಹಾಕಿ ಹೋದೆ. ಕಾಯುವ ಕೋಣೆಯಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ, ಪಕ್ಕದಲ್ಲಿ ರೇಷ್ಮೆ ಸೀರೆಯ ಹೆಂಗಸು. ಹತ್ತಿರ ಹೋದ ಮೇಲೆ ಗುರುತು ಹತ್ತಿತು. ತಿರುಗಿ ಹೋಗೋಣ ಎನ್ನುವಷ್ಟರಲ್ಲಿ ವೈನಿ ನೋಡಿಬಿಟ್ಟರು.

"ಬಾ, ಕೂಡು ಬಾ" ಎಂದರು, ನಿನ್ನೆ ಬಿಟ್ಟವರ ಹಾಗೆ. ಕೂತೆ. ಕೊಂಢವಾದ ಜಾಗವನ್ನು ಕಟ್ಟಡ ಕಟ್ಟುವವರಿಗೆ ಕೊಟ್ಟು ಇಲ್ಲೇ ಫ್ಲ್ಯಾಟು ತೆಗೆದುಕೊಂಡೆವು, ಇವರಿಗೆ ಕಫ ಕಟ್ಟಿದೆ, ನೋಡಿಕೊಳ್ಳಲು ಇಟ್ಟ ಹೆಂಗಸು ಕಳ್ಳಿ ಎಂದೆಲ್ಲ ಹೇಳಿದರು. ಮಾಲಕರ ಅಂಗಿ ಬಿಳಿ ಇತ್ತು, ಇಸ್ತ್ರಿ ಇತ್ತು. ಅವರ ಕಾಲರನ್ನು ವೈನಿ ಮಾತಿನ ನಡುವೆ ಎರಡು ಸಲ ಸರಿ ಮಾಡಿದರು.

"ನಿನಗೇನಾಗ್ಯದ?"

"ದಮ್ಮು ಅದರಿ."

"ಬೂದೀದ?"

"ಅದರದೇ ಅಂತ ಖಾತ್ರಿ ಹೇಳಾಕ ಬರೂದಿಲ್ಲ ಅಂತಾರ. ಅದರದೂ ಇರಬೇಕು."

"ನಾನೂ ಅಲ್ಲೇ ಇದ್ದೆ. ನನಗೇನೂ ಆಗಿಲ್ಲ ನೋಡು."

ಆ ಹೆಂಗಸರು ಏನಾದರು ಎಂದು ಕೇಳಿದೆ. ಯಾವ ಹೆಂಗಸರು ಎಂದು ಅವರು ನಿಜವಾಗಿಯೂ ಯೋಚಿಸಿದರು, ನೆನಪಾಗಲಿಲ್ಲ.

ಮಾಲಕರು ನನ್ನನ್ನೇ ನೋಡುತ್ತಿದ್ದರು. ಮಾತು ಮೊದಲಿಗಿಂತ ಸ್ವಚ್ಛವಾಗಿತ್ತು. "ಯಾರಿವರು?" ಎಂದು ಹೆಂಡತಿಯನ್ನು ಕೇಳಿದರು.

"ನಮ್ಮಲ್ಲೇ ಇದ್ಲಲ್ರಿ" ಎಂದರು ವೈನಿ. "ಬೂದಿ ಜರಡಿ ಹಿಡೀತಿದ್ಲು."

ಅಷ್ಟೇ ಹೇಳಿದರು. ನಾನು ಏನೂ ತಿದ್ದಲಿಲ್ಲ. ಮಾಲಕರು ತಲೆಯಾಡಿಸಿ, ಕೆಲಸದವರಿಗೆ ಹೇಳುವ ದನಿಯಲ್ಲಿ "ನೀರು" ಅಂದರು. ಅವರ ಹತ್ತಿರ ನೀರು ಇರಲಿಲ್ಲ. ವೈನಿ ನನ್ನ ಕಡೆ ನೋಡಿದರು. ನನ್ನ ಚೀಲದಿಂದ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟೆ. ಅವರು ಬಾಯಿ ಹಚ್ಚಿ ಕುಡಿದರು. ಸ್ವಲ್ಪ ಕತ್ತಿನ ಮೇಲೆ ಹರಿಯಿತು. ಒಳಗಿಂದ ಅವರ ಸರದಿ ಕೂಗಿದರು. ವೈನಿ ಬಾಟಲಿಯನ್ನು ನನ್ನ ಮಡಿಲಿಗೆ ಹಾಕಿ, ಗಾಲಿಕುರ್ಚಿ ತಳ್ಳಿಕೊಂಡು ಹೊರಟರು. ಬಾಗಿಲು ಭಾರವಿತ್ತು, ತಾನಾಗಿ ಮುಚ್ಚಿಕೊಳ್ಳುವಂಥದ್ದು. "ಹಿಡಿ ಅದನ್ನ" ಅಂದ ಕೂಡಲೇ ಎದ್ದು ಹಿಡಿದೆ.

ಡಾಕ್ಟರು ನನಗೆ ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಹೊರಗೆ ಬಸ್ಸು ಬಹಳ ಹೊತ್ತು ಬರಲಿಲ್ಲ. ಬಿಸಿಲಿಗೆ ಗಂಟಲು ಒಣಗಿ ಕೆಮ್ಮು ಏರಿತು, ಜನ ದೂರ ಸರಿದು ಕೂತರು. ಬೇರೆ ನೀರಿರಲಿಲ್ಲ. ಅದೇ ಬಾಟಲಿಯಲ್ಲಿ ಉಳಿದದ್ದನ್ನು ಕುಡಿದೆ.